ಇಸಾಕನ ಬಾವಿಗಳು

ವೇದಪಾಠ: ಆದಿಕಾಂಡ 26ನೆಯ ಅಧ್ಯಾಯ, 12ರಿಂದ 33ನೆಯ ವಚನಗಳು.
ಇದರೊಂದಿಗೆ ಓದತಕ್ಕವುಗಳು: ಆದಿಕಾಂಡ 21:25–31, ವಿಮೋಚನಕಾಂಡ 2:15–17, ಯೋಹಾನ 4:5–15.



ನೀರಿನ ಬೆಲೆಯೇನೆಂದು ನಮ್ಮ ಸೀಮೆಯವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಹಳ್ಳಿಖೇಡದಿಂದ ಹುಮನಾಬಾದಿಗೂ ಅಲ್ಲಿಂದ ಬಸವಕಲ್ಯಾಣಕ್ಕೂ ಬೇಸಿಗೆಯಲ್ಲಿ ನಡೆದುಹೋಗುವವನು ತೊಗರಿ ಕೊಯ್ದ ಬರಿಯ ಹೊಲಗಳನ್ನೂ, ಬಿರುಕುಬಿಟ್ಟ ಎರೆಯ ಭೂಮಿಯನ್ನೂ, ಕೊಡಗಳನ್ನು ಸಾಲಾಗಿಟ್ಟುಕೊಂಡು ಕಾದಿರುವ ಸ್ತ್ರೀಯರನ್ನೂ ಕಾಣುವನು. 1972ನೆಯ ವರುಷದ ಬರಗಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಕಾರಂಜಾ ಜಲಾಶಯವು ಕಟ್ಟಲ್ಪಟ್ಟ ಮೇಲೆಯೂ ಎಲ್ಲಾ ಊರುಗಳ ದಾಹವು ತೀರಲಿಲ್ಲ. ಆದಕಾರಣ ಸತ್ಯವೇದದಲ್ಲಿ ಬಾವಿಯ ವಿಷಯ ಬರುವಾಗ ಪಟ್ಟಣದವರು ಅದನ್ನು ಬೇಗನೆ ಓದಿ ಮುಂದಕ್ಕೆ ಹೋದರೂ ನಾವು ಅಲ್ಲಿ ನಿಂತು ಕೇಳಬೇಕು. ಅದು ನಮ್ಮ ಮನೆಯ ಮಾತೇ ಆಗಿದೆ.

1. ಮುಚ್ಚಿದ ಬಾವಿಗಳು (12–16ನೆಯ ವಚನಗಳು)

ದೇಶದಲ್ಲಿ ಬರವುಂಟಾದಾಗ ಇಸಾಕನು ಫಿಲಿಷ್ಟಿಯರ ಅರಸನಾದ ಅಬೀಮೆಲೆಕನಿದ್ದ ಗೆರಾರಿಗೆ ಬಂದನು. ಐಗುಪ್ತಕ್ಕೆ ಇಳಿದು ಹೋಗಬಾರದೆಂದು ದೇವರು ಅವನಿಗೆ ಅಪ್ಪಣೆ ಕೊಟ್ಟಿದ್ದನು. ಅವನು ಆ ಸೀಮೆಯಲ್ಲಿ ಬಿತ್ತಿದನು. ಅದೇ ವರುಷದಲ್ಲಿ ನೂರರಷ್ಟು ಬೆಳೆಯಿತು. ಆಗ ನೆರೆಯವರಿಗೆ ಹೊಟ್ಟೆಕಿಚ್ಚು ಹುಟ್ಟಿತು. ಅವರು ಮಾಡಿದ್ದೇನಂದರೆ, ಅವನ ತಂದೆಯಾದ ಅಬ್ರಹಾಮನ ಆಳುಗಳು ತೋಡಿದ್ದ ಬಾವಿಗಳಿಗೆಲ್ಲಾ ಮಣ್ಣು ಹಾಕಿ ಮುಚ್ಚಿಬಿಟ್ಟರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಬಾವಿಯನ್ನು ಕಸುಕೊಂಡವನಿಗೆ ನೀರಾದರೂ ಸಿಕ್ಕುವದು. ಬಾವಿಯನ್ನು ಮುಚ್ಚಿದವನಿಗೆ ಏನು ಸಿಕ್ಕುವದು? ಏನೂ ಇಲ್ಲ. ಅವನ ದನಗಳೂ ಬಾಯಾರಿಯೇ ಇರುವವು. ಆದಾಗ್ಯೂ ನೆರೆಯವನು ಕುಡಿಯದಿದ್ದರೆ ಸಾಕೆಂಬುವದೇ ಹೊಟ್ಟೆಕಿಚ್ಚಿನ ಸ್ವಭಾವವು. ಈ ರೋಗವು ಗೆರಾರಿನಲ್ಲಿ ಮಾತ್ರವೇ ಇತ್ತೆಂದು ಯಾರೂ ತಿಳಿಯಬಾರದು.

2. ತಿರಿಗಿ ತೋಡಿದ ಬಾವಿಗಳು (17–18ನೆಯ ವಚನಗಳು)

ಇಸಾಕನು ಗೆರಾರಿನ ತಗ್ಗಿಗೆ ಹೋಗಿ ಅಲ್ಲಿ ಗುಡಾರ ಹಾಕಿ, ತಂದೆಯ ಕಾಲದ ಬಾವಿಗಳನ್ನು ತಿರಿಗಿ ಅಗಿಸಿ, ತಂದೆಯು ಇಟ್ಟ ಹೆಸರುಗಳನ್ನೇ ಅವುಗಳಿಗೆ ಇಟ್ಟನು.

ಬೀದರಿಗೆ ಹೋದವರು ನೌಬಾದಿನ ಬಳಿಯಲ್ಲಿರುವ ಸುರಂಗ ಬಾವಿಯನ್ನು ನೋಡಿರಬಹುದು. ಅದಕ್ಕೆ ಕರೇಜ್ ಎಂದು ಹೆಸರು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರನ್ನು ರಾಜಧಾನಿಯಾಗಿ ಮಾಡಿಕೊಂಡ ಕಾಲದಲ್ಲಿ ಪಾರಸಿ ದೇಶದ ಪದ್ಧತಿಯ ಮೇರೆಗೆ ಅದನ್ನು ಕೊರೆದರು. ಮೇಲಿನ ಕೆಂಪು ಮುರಕಲ್ಲು ಮಳೆಯ ನೀರನ್ನು ಹೀರಿಕೊಂಡು ಕೆಳಗೆ ಇಳಿಸುವದು. ಸುರಂಗವು ಸ್ವಲ್ಪ ಸ್ವಲ್ಪವಾಗಿ ಇಳಿಜಾರಾಗಿರುವದರಿಂದ ನೀರು ಎತ್ತುವವರಿಲ್ಲದೆ ತಾನಾಗಿಯೇ ಹರಿಯುವದು. ಗಾಳಿಗೂ ಬೆಳಕಿಗೂ ಅಲ್ಲಲ್ಲಿ ಬಾಯಿಗಳನ್ನು ತೋಡಿದ್ದಾರೆ. ಎಷ್ಟೋ ಕಾಲ ಹೂಳೂ ಕಸವೂ ತುಂಬಿ ಆ ಬಾಯಿಗಳು ಮುಚ್ಚಿಹೋಗಿದ್ದವು. 2010ರ ನಂತರದ ವರುಷಗಳಲ್ಲಿ ಹೂಳೆತ್ತಿ ಶುದ್ಧಮಾಡುವ ಕೆಲಸವು ನಡೆದಾಗ ಅದರೊಳಗೆ ನೀರು ಇನ್ನೂ ಇರುವದು ಕಂಡುಬಂತು. ನೀರು ಸತ್ತಿರಲಿಲ್ಲ, ಬಾಯಿ ಮಾತ್ರ ಮುಚ್ಚಿತ್ತು.

ಪ್ರಿಯರೇ, ನಮ್ಮ ತಂದೆತಾಯಿಗಳು ತೋಡಿದ ಬಾವಿಗಳು ಯಾವವು? ಓದಲು ಬಾರದಿದ್ದರೂ ಸಾಯಂಕಾಲದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪ್ರಾರ್ಥಿಸಿದರು. ಕೂಲಿಯಲ್ಲಿ ಸಿಕ್ಕಿದ ಜೋಳದಿಂದ ಒಂದು ಹಿಡಿಯನ್ನು ಕರ್ತನಿಗೆಂದು ಬೇರೆ ಇಟ್ಟರು. ಕಾಯಿಲೆಯವರ ಮನೆಗೆ ಕರೆಯದೆಯೇ ಹೋದರು. ಈ ಬಾವಿಗಳು ಇಂದು ಎಷ್ಟು ಮನೆಗಳಲ್ಲಿ ತೆರೆದಿವೆ? ಮೊಬೈಲಿನ ಗದ್ದಲವೂ ಕುಡಿತವೂ ಸಾಲದ ಚಿಂತೆಯೂ ಹೂಳಾಗಿ ತುಂಬಿರಬಹುದು. ಆದರೆ ನೀರು ಬತ್ತಿಲ್ಲ. ಅಗಿಯುವವರು ಬೇಕು.

3. ಬಿಟ್ಟುಕೊಟ್ಟ ಬಾವಿಗಳು (19–22ನೆಯ ವಚನಗಳು)

ಇಸಾಕನ ಆಳುಗಳು ತಗ್ಗಿನಲ್ಲಿ ತೋಡಿದಾಗ ಉಕ್ಕುವ ಒರತೆಯು ಸಿಕ್ಕಿತು. ಮೂಲ ಇಬ್ರಿಯ ಭಾಷೆಯಲ್ಲಿ ಅದಕ್ಕೆ ಜೀವವುಳ್ಳ ನೀರೆಂದೇ ಹೇಳಿದೆ. ಕೂಡಲೆ ಗೆರಾರಿನ ಕುರುಬರು ಬಂದು ನೀರು ತಮ್ಮದೆಂದು ವಾದಿಸಿದರು. ಇಸಾಕನು ಆ ಬಾವಿಗೆ ಏಸೆಕ್, ಅಂದರೆ ಜಗಳ, ಎಂದು ಹೆಸರಿಟ್ಟು ಬಿಟ್ಟುಬಿಟ್ಟನು. ಎರಡನೆಯದಕ್ಕೂ ಹಾಗೆಯೇ ಆಯಿತು. ಅದಕ್ಕೆ ಸಿಟ್ನಾ, ಅಂದರೆ ವೈರ, ಎಂದು ಹೆಸರಿಟ್ಟನು. ಈ ಮಾತೂ ಸೈತಾನನೆಂಬ ಹೆಸರೂ ಒಂದೇ ಬೇರಿನವು. ಜಗಳವು ಮೊದಲನೆಯ ಬಾವಿಯಾದರೆ ವೈರವು ಎರಡನೆಯದು; ಅವುಗಳ ನಡುವಣ ದಾರಿ ಬಹು ಹತ್ತಿರವಾದದ್ದು. ಮೂರನೆಯದಕ್ಕೆ ಯಾರೂ ಜಗಳಕ್ಕೆ ಬರಲಿಲ್ಲ. ಕರ್ತನು ತಮಗೆ ಸ್ಥಳ ಮಾಡಿಕೊಟ್ಟನೆಂದು ಹೇಳಿ ಅದಕ್ಕೆ ರೆಹೋಬೋತ್, ಅಂದರೆ ವಿಶಾಲವಾದ ಸ್ಥಳ, ಎಂದು ಹೆಸರಿಟ್ಟನು.

ಇಲ್ಲಿ ಯಾವನಾದರೂ ಹೀಗೆ ಕೇಳಾನು: “ಉಪದೇಶಿಯವರೇ, ಬಿಟ್ಟುಕೊಡುವದನ್ನು ನಮಗೆ ಕಲಿಸಬೇಕೇ? ನಮ್ಮ ಹಿರಿಯರು ಹುಟ್ಟಿನಿಂದ ಬಿಟ್ಟುಕೊಡುತ್ತಲೇ ಬಂದರು. ಊರ ಬಾವಿಯ ಕಟ್ಟೆಯನ್ನು ಮುಟ್ಟದೆ ದೂರ ನಿಂತು, ಯಾರಾದರೂ ಮೇಲಿನಿಂದ ಹೊಯ್ಯುವ ತನಕ ಕೊಡ ಹಿಡಿದು ಕಾದರು. ಇನ್ನೂ ಬಿಟ್ಟುಕೊಡಬೇಕೇ?”

ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಈ ಪಾಠವನ್ನು ಬೋಧಿಸುವವನು ಬಡವರ ಹೆಗಲ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುವನು. ಉತ್ತರವನ್ನು ಸತ್ಯವೇದದಿಂದಲೇ ನೋಡೋಣ.

ಮೊದಲನೆಯದಾಗಿ, ಇಸಾಕನು ಬಲಹೀನನಾಗಿ ಬಿಟ್ಟುಕೊಡಲಿಲ್ಲ. ಅವನು ತಮಗಿಂತ ಬಲಿಷ್ಠನಾದನೆಂದು ಅಬೀಮೆಲೆಕನೇ ಒಪ್ಪಿಕೊಂಡನು. ಕಾದಾಡಲು ಶಕ್ತಿಯುಳ್ಳವನು ಕಾದಾಡದೆ ಬಿಡುವದೇ ಸಾತ್ವಿಕತೆಯು. ಬೇರೆ ದಾರಿಯಿಲ್ಲದವನನ್ನು ಅಟ್ಟಿಬಿಡುವದು ಅವನ ಸಾತ್ವಿಕತೆಯಲ್ಲ, ಅಟ್ಟಿದವನ ಪಾಪವು.

ಎರಡನೆಯದಾಗಿ, ಇಸಾಕನ ತಂದೆಯು ಬೇರೆ ರೀತಿಯಾಗಿ ನಡೆದನು. ಅಬೀಮೆಲೆಕನ ಆಳುಗಳು ಬಾವಿಯನ್ನು ಕಸುಕೊಂಡಾಗ ಅಬ್ರಹಾಮನು ಅರಸನ ಮುಂದೆ ನಿಂತು ಆಕ್ಷೇಪಿಸಿದನು. ಆ ಬಾವಿಯನ್ನು ತೋಡಿದವನು ತಾನೇ ಎಂಬುವದಕ್ಕೆ ಸಾಕ್ಷಿಯಾಗಿ ಏಳು ಹೆಣ್ಣು ಕುರಿಮರಿಗಳನ್ನು ಕೊಟ್ಟು ಒಡಂಬಡಿಕೆ ಮಾಡಿಕೊಂಡನು. ನ್ಯಾಯವನ್ನು ನ್ಯಾಯವಾದ ರೀತಿಯಲ್ಲಿ ಕೇಳುವದು ನಂಬಿಕೆಗೆ ವಿರೋಧವಲ್ಲ.

ಮೂರನೆಯದಾಗಿ, ಮಿದ್ಯಾನ್ ದೇಶದ ಬಾವಿಯ ಬಳಿಯಲ್ಲಿ ಕುರುಬರು ಹೆಣ್ಣುಮಕ್ಕಳನ್ನು ಓಡಿಸಿದಾಗ ಮೋಶೆಯು ಸುಮ್ಮನೆ ಕೂತುಕೊಂಡು ತಾಳ್ಮೆಯನ್ನು ಉಪದೇಶಿಸಲಿಲ್ಲ. ಅವನು ಎದ್ದು ಅವರಿಗೆ ಸಹಾಯಮಾಡಿ ಅವರ ಕುರಿಗಳಿಗೆ ನೀರು ಕುಡಿಸಿದನು. ನನ್ನ ಪಾಲಿನ ನೀರನ್ನು ನಾನು ಬಿಟ್ಟುಕೊಡಬಹುದು; ನನ್ನ ನೆರೆಯವಳ ಪಾಲನ್ನು ಬಿಟ್ಟುಕೊಡುವದಕ್ಕೆ ನನಗೇನು ಅಧಿಕಾರ?

ಆದಕಾರಣ 1927ನೆಯ ಇಸವಿ ಮಾರ್ಚಿ 20ರಂದು ಡಾಕ್ಟರ್ ಅಂಬೇಡಕರರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ ಕೆರೆಗೆ ಇಳಿದು ನೀರು ಕುಡಿದದ್ದನ್ನು ಕ್ರೈಸ್ತರಾದ ನಾವು ಗೌರವದಿಂದ ನೆನಸತಕ್ಕದ್ದು. 1950ನೆಯ ಇಸವಿ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಸಾರ್ವಜನಿಕ ಬಾವಿ ಕೆರೆಗಳಿಂದ ಯಾರನ್ನೂ ಜಾತಿಯ ಅಥವಾ ಮತದ ನಿಮಿತ್ತ ತಡೆಯಕೂಡದೆಂದು 15ನೆಯ ಅನುಚ್ಛೇದವು ಹೇಳುತ್ತದೆ. ನಮ್ಮ ನೆರೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿಯೇ ಬಸವಣ್ಣನವರೂ ಶರಣರೂ ಕುಲಭೇದವನ್ನು ಎದುರಿಸಿದ್ದು ಈ ಸೀಮೆಯ ಮಕ್ಕಳಿಗೆಲ್ಲಾ ತಿಳಿದಿದೆ. ಹೀಗಿರುವಲ್ಲಿ ಎಲ್ಲಿಯಾದರೂ ನೀರಿಗೆ ತಡೆಯಿದ್ದರೆ, ದ್ವೇಷವಿಲ್ಲದೆ, ಹೆದರಿಕೆಯಿಲ್ಲದೆ, ಪಂಚಾಯತಿಯವರ ಮುಂದೆಯೂ ಅಧಿಕಾರಿಗಳ ಮುಂದೆಯೂ ಅಬ್ರಹಾಮನಂತೆ ನಿಂತು ಹೇಳಿರಿ.

ಹಾಗಾದರೆ ಇಸಾಕನಿಂದ ಕಲಿಯತಕ್ಕದ್ದು ಎಲ್ಲಿ? ಹಕ್ಕಿನ ವಿಷಯವಲ್ಲದೆ ಹಟದ ವಿಷಯವಾಗಿರುವಲ್ಲಿ. ಅಣ್ಣತಮ್ಮಂದಿರ ನಡುವಣ ಬದುವಿನಲ್ಲಿ, ಕೊಳವೆಬಾವಿಯ ಸರದಿಯಲ್ಲಿ, ಸಭೆಯೊಳಗಿನ ಮುಂದಣ ಸ್ಥಾನದಲ್ಲಿ. ಅಲ್ಲಿ ನಾವು ಅಬ್ರಹಾಮನ ಹೆಸರು ಹೇಳಿಕೊಂಡು ಗೆರಾರಿನ ಕುರುಬರ ಕೆಲಸವನ್ನು ಮಾಡುತ್ತೇವೆ.

4. ಒಬ್ಬ ಉಪದೇಶಿಯ ತಪ್ಪು

ಇದನ್ನು ಬರೆಯುವ ನಾನು ನಿರ್ದೋಷಿಯಲ್ಲ. ಕೆಲವು ವರುಷಗಳ ಹಿಂದೆ ನಾನು ಸೇವೆ ಮಾಡುತ್ತಿದ್ದ ಒಂದು ಊರಿನಲ್ಲಿ ಪ್ರಾರ್ಥನಾಲಯದ ಪಕ್ಕದಲ್ಲಿ ಒಂದು ಕೈಪಂಪು ಇತ್ತು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಸಭೆಯ ಎರಡು ಮನೆತನದವರಿಗೆ ಸರದಿಯ ವಿಷಯವಾಗಿ ಮಾತು ಬೆಳೆಯಿತು. ನಾನು ವಿಚಾರಿಸಿ ಸಮಾಧಾನಪಡಿಸಬೇಕಾಗಿತ್ತು. ಅದನ್ನು ಮಾಡದೆ, ಬೇಸರದಿಂದ ಪಂಪಿನ ಹಿಡಿಕೆಗೆ ಸರಪಣಿ ಹಾಕಿ ಬೀಗ ಜಡಿದು ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡೆನು. ಶಾಂತಿಯಾಯಿತೆಂದು ಭಾವಿಸಿದೆನು. ಜಗಳವಾಡದಿದ್ದವರೂ ಅರ್ಧ ಮೈಲು ನಡೆದು ನೀರು ತರುವಂತಾಯಿತು.

ಮೂರನೆಯ ದಿನ ಮುಂಜಾನೆ ನನ್ನ ಓದುವಿಕೆಯಲ್ಲಿ ಈ ಅಧ್ಯಾಯವೇ ಬಂತು. 15ನೆಯ ವಚನಕ್ಕೆ ಬಂದಾಗ ಮುಂದಕ್ಕೆ ಓದಲಾರದೆ ಹೋದೆನು. ಮಣ್ಣು ಹಾಕಿದವರು ಫಿಲಿಷ್ಟಿಯರು. ಬೀಗ ಹಾಕಿದವನು ನಾನು. ಕಿಟಕಿಯಿಂದ ನೋಡಿದಾಗ ಸಭೆಯ ಒಬ್ಬ ವೃದ್ಧ ವಿಧವೆಯು ಖಾಲಿ ಕೊಡ ಹೊತ್ತುಕೊಂಡು ಪಂಪಿನ ಮುಂದಿನಿಂದಲೇ ಹಾದುಹೋಗುತ್ತಿದ್ದಳು. ಆಕೆಯು ಯಾರೊಂದಿಗೂ ಜಗಳವಾಡಿದವಳಲ್ಲ. ನಾನು ಹೊರಗೆ ಬಂದು ಬೀಗ ತೆಗೆದು ಆಕೆಯ ಕ್ಷಮೆ ಕೇಳಿದೆನು. ಆಕೆ ನನ್ನನ್ನು ಗದರಿಸಲಿಲ್ಲ. ಮೊದಲು ನೀರು ಹೊಡೆಯಪ್ಪಾ ಅಂದಳು. ಆ ಭಾನುವಾರ ಸಭೆಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು, ಸರದಿಯನ್ನು ಗೊತ್ತುಮಾಡುವ ಕೆಲಸವನ್ನು ಆಕೆಗೇ ಒಪ್ಪಿಸಿದೆವು. ಮಳೆ ಬರುವ ತನಕ ಅದು ಕ್ರಮವಾಗಿ ನಡೆಯಿತು. ಆ ಎರಡು ಮನೆತನದವರು ಒಂದಾದರೆಂದು ಹೇಳಲಾರೆನು. ನಾನು ಆ ಊರನ್ನು ಬಿಡುವಾಗಲೂ ಅವರು ಬೇರೆ ಬೇರೆ ಕೂತುಕೊಳ್ಳುತ್ತಿದ್ದರು. ಆದರೂ ನೀರಿಗೆ ಯಾರೂ ಅಡ್ಡಿಮಾಡಲಿಲ್ಲ. ಉಳಿದದ್ದಕ್ಕಾಗಿ ಈಗಲೂ ಪ್ರಾರ್ಥಿಸುತ್ತೇನೆ.

5. ಯಜ್ಞವೇದಿ, ಗುಡಾರ, ಬಾವಿ (23–33ನೆಯ ವಚನಗಳು)

ಇಸಾಕನು ಬೇರ್ಷೆಬಕ್ಕೆ ಹೋದ ರಾತ್ರಿಯೇ ಕರ್ತನು ಅವನಿಗೆ ಕಾಣಿಸಿಕೊಂಡು, ಹೆದರಬೇಡವೆಂದು ಧೈರ್ಯಕೊಟ್ಟನು. ಆಮೇಲೆ ಅವನು ಮಾಡಿದ ಕೆಲಸಗಳ ಕ್ರಮವನ್ನು 25ನೆಯ ವಚನದಲ್ಲಿ ನೋಡಿರಿ. ಮೊದಲು ಯಜ್ಞವೇದಿ, ಎರಡನೆಯದು ಗುಡಾರ, ಮೂರನೆಯದು ಬಾವಿ. ದೇವರು, ಮನೆ, ಜೀವನೋಪಾಯ. ನಾವು ಎಷ್ಟೋ ಸಾರಿ ಇದನ್ನು ತಲೆಕೆಳಗು ಮಾಡುತ್ತೇವೆ. ರಾಶಿಯಾದ ಮೇಲೆ ದೇವಾಲಯ, ಮಗಳ ಮದುವೆಯಾದ ಮೇಲೆ ಪ್ರಾರ್ಥನೆ ಅನ್ನುತ್ತೇವೆ.

ಆಗ ಅವನನ್ನು ಹೊರಡಿಸಿದ ಅಬೀಮೆಲೆಕನೇ ತನ್ನ ಮಂತ್ರಿಯನ್ನೂ ಸೇನಾಪತಿಯನ್ನೂ ಕರಕೊಂಡು ಸಮಾಧಾನಕ್ಕಾಗಿ ಬಂದನು. ಇಸಾಕನು ನಡೆದದ್ದನ್ನು ಮುಚ್ಚಿಡಲಿಲ್ಲ. ದ್ವೇಷಿಸಿ ಕಳುಹಿಸಿದವರು ಈಗ ಯಾಕೆ ಬಂದಿರೆಂದು ನೇರವಾಗಿ ಕೇಳಿದನು. ಹೀಗೆ ಕೇಳಿದ ಮೇಲೆ ಅವರಿಗೆ ಔತಣ ಮಾಡಿಸಿದನು. ಸತ್ಯವನ್ನು ನುಂಗಿದ ಸಮಾಧಾನವೂ ಅಲ್ಲ, ಊಟವಿಲ್ಲದ ಸತ್ಯವೂ ಅಲ್ಲ. ಅವರು ಬಂದ ಕಾರಣವೋ, ಕರ್ತನು ಇವನ ಸಂಗಡ ಇದ್ದಾನೆಂಬುವದನ್ನು ಕಣ್ಣಾರೆ ಕಂಡದ್ದೇ. ಹೊರಗಣ ಜನರು ನಮ್ಮ ಪ್ರಸಂಗಗಳನ್ನು ಕೇಳದಿದ್ದರೂ ನಾವು ನೀರಿನ ಬಳಿಯಲ್ಲಿ ಹೇಗೆ ನಡೆಯುತ್ತೇವೆಂಬುವದನ್ನು ನೋಡುತ್ತಾರೆ. ಆಣೆಯಿಟ್ಟು ಅವರನ್ನು ಕಳುಹಿಸಿದ ಆ ದಿನವೇ ಆಳುಗಳು ಬಂದು ನೀರು ಸಿಕ್ಕಿತೆಂದು ಹೇಳಿದರು.

6. ಬಾವಿಯ ಬಳಿಯಲ್ಲಿ ಕೂತ ಕರ್ತನು

ಕಡೆಯದಾಗಿ, ಇಸಾಕನ ಮಗನಾದ ಯಾಕೋಬನ ಬಾವಿಯ ಬಳಿಗೆ ಬರೋಣ. ಸುಖರೆಂಬ ಊರಿನ ಹತ್ತಿರ, ಹೆಚ್ಚುಕಡಿಮೆ ಮಧ್ಯಾಹ್ನದಲ್ಲಿ, ನಮ್ಮ ಕರ್ತನಾದ ಯೇಸು ದಣಿದು ಕೂತನು. ಯೆಹೂದ್ಯರು ಸಮಾರ್ಯದವರೊಂದಿಗೆ ಬಳಕೆಯಿಲ್ಲದವರು. ಆದರೆ ಆತನು ಆ ಸ್ತ್ರೀಗೆ ಮೊದಲು ಬೋಧಿಸಲಿಲ್ಲ. ಕುಡಿಯುವದಕ್ಕೆ ನೀರು ಕೇಳಿದನು. ಆತನ ಬಳಿಯಲ್ಲಿ ಸೇದುವ ಪಾತ್ರೆಯಿರಲಿಲ್ಲ. ಆದಕಾರಣ ಅವಳ ಕೊಡದಿಂದಲೇ ಕುಡಿಯುವದಕ್ಕೆ ಆತನು ಸಿದ್ಧನಾಗಿದ್ದನು. ಜೀವಜಲವನ್ನು ಕೊಡುವಾತನು ಅವಳ ಕೈನೀರನ್ನು ಬೇಡಿದನು. ದೂರ ನಿಂತು ಕೊಡ ಹಿಡಿದ ನಮ್ಮ ಅಜ್ಜಿಯರಿಗೆ ಇದಕ್ಕಿಂತ ದೊಡ್ಡ ಸುವಾರ್ತೆ ಯಾವದು? ಹಾಗೂ ಈ ಕರ್ತನ ಮೇಜಿನ ಸುತ್ತಲೂ ಕೂಡಿಬಂದು, ಒಬ್ಬರ ಲೋಟವನ್ನು ಇನ್ನೊಬ್ಬರು ಮುಟ್ಟಲು ಹಿಂಜರಿಯುವ ಸಭೆಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಯಾವದು?

ಮನೆಗಳಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ಫಿಲಿಷ್ಟಿಯರು ಬಾವಿಗಳನ್ನು ಯಾಕೆ ಮುಚ್ಚಿದರು? ಅದರಿಂದ ಅವರಿಗೆ ಏನು ಲಾಭವಾಯಿತು?
2. ಅಬ್ರಹಾಮ, ಮೋಶೆ, ಇಸಾಕ, ಈ ಮೂವರು ಬಾವಿಯ ಬಳಿಯಲ್ಲಿ ನಡೆದ ರೀತಿಗಳಲ್ಲಿ ವ್ಯತ್ಯಾಸವೇನು? ಈಗ ನಿಮಗಿರುವ ಸಂಗತಿಗೆ ಯಾವದು ತಕ್ಕದ್ದು?
3. ನಿಮ್ಮ ಮನೆಯಲ್ಲಿ ತಿರಿಗಿ ತೋಡಬೇಕಾದ ಬಾವಿ ಯಾವದು?
4. ನಿಮ್ಮ ಜೇಬಿನಲ್ಲಿ ಯಾವದಾದರೂ ಕೀಲಿಕೈ ಇದೆಯೋ?

ಪ್ರಾರ್ಥನೆ

ಬಂಡೆಯೊಳಗಿಂದ ನೀರು ಹೊರಡಿಸಿದ ದೇವರೇ, ನಮ್ಮ ಸೀಮೆಗೆ ಕಾಲಕಾಲಕ್ಕೆ ಮಳೆಯನ್ನು ಅನುಗ್ರಹಿಸು. ನಾವು ಮುಚ್ಚಿದವುಗಳನ್ನು ನಮ್ಮ ಕೈಗಳಿಂದಲೇ ತೆರೆಯುವಂತೆ ಮಾಡು. ನ್ಯಾಯ ಕೇಳುವಾಗ ದ್ವೇಷದಿಂದಲೂ, ಬಿಟ್ಟುಕೊಡುವಾಗ ಹೇಡಿತನದಿಂದಲೂ ನಮ್ಮನ್ನು ತಪ್ಪಿಸು. ಬಾಯಾರಿ ಬಂದವರಲ್ಲಿ ಒಬ್ಬರಾದರೂ ನಮ್ಮ ಬಾಗಿಲಿನಿಂದ ಬರಿಗೊಡದಲ್ಲಿ ಹಿಂದಿರುಗದಿರಲಿ. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.