ಹುಟ್ಟದ ಬೀಜ: ಮೊದಲು ಆಳ ಅಳೆಯಿರಿ

ತರಕಾರಿಗೆ ಸಸಿಮಡಿ ಹಾಕುವ ದಿನ ಬಂದರೆ ಸಾಕು, ಬೀದರಿನ ಕಮಠಾಣ ಹೋಬಳಿಯ ಊರೂರಲ್ಲೂ ಒಂದೇ ದೂರು: "ಸಾಹೇಬ್ರೆ, ಬೀಜ ನಾಟಲೇ ಇಲ್ಲ. ಕಂಪನಿಯವರು ಮೋಸ ಮಾಡ್ಯಾರ." ಮಡಿ ಕೆದರಿ ನೋಡಿದರೆ ಬೀಜ ಎರಡು ಇಂಚು ಕೆಳಗೆ ಕೊಳೆತಿರುತ್ತದೆ, ಇಲ್ಲವೇ ಮೊಳಕೆ ಒಡೆದು ಮೇಲೇಳಲಾಗದೆ ಮುರುಟಿರುತ್ತದೆ. ಕಳಪೆ ಬೀಜ ಇಲ್ಲವೆಂದಲ್ಲ. ಆದರೆ ಹೆಚ್ಚಿನ ಮಡಿಗಳಲ್ಲಿ ತಪ್ಪು ಆಳದ್ದು, ನೀರಿನದ್ದು.

ಆಳ

ಮೆಣಸಿನಕಾಯಿ, ಬದನೆ, ಟೊಮೆಟೊ, ಈರುಳ್ಳಿ ಬೀಜಕ್ಕೆ ಅರ್ಧದಿಂದ ಒಂದು ಸೆಂ.ಮೀ. ಆಳ ಸಾಕು. ಬೆಂಡೆ, ಹೀರೆ, ಹಾಗಲಕ್ಕೆ 2ರಿಂದ 3 ಸೆಂ.ಮೀ. ಸಣ್ಣ ಬೀಜದಲ್ಲಿ ಕೂಡಿಟ್ಟ ಆಹಾರ ಸ್ವಲ್ಪವೇ. ಅದಕ್ಕಿಂತ ಆಳಕ್ಕೆ ಹೋದರೆ ಮೊಳಕೆ ಬೆಳಕು ಕಾಣುವ ಮೊದಲೇ ಸೋಲುತ್ತದೆ. ಬೀಜ ಎರಚಿ ಕುಂಟೆ ಎಳೆಯಬೇಡಿ ಎಂದು ಎಷ್ಟು ಸಲ ಹೇಳಬೇಕು? 5 ಸೆಂ.ಮೀ. ಅಂತರದಲ್ಲಿ ಗೀರು ಎಳೆದು, ತೆಳ್ಳಗೆ ಬೀಜ ಬಿಟ್ಟು, ಜರಡಿ ಹಿಡಿದ ಗೊಬ್ಬರದಿಂದ ಮುಚ್ಚಿ.

ನೀರು

ಮೋಟಾರಿನ ಪೈಪನ್ನು ನೇರವಾಗಿ ಮಡಿಗೆ ಬಿಡುವುದು ಎರಡನೇ ಹೊಡೆತ. ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಹೀಗೆ ನೀರು ಕುಡಿದು ಒಣಗಿದರೆ ಮೇಲ್ಪದರ ಬಿಗಿದು ಮೊಳಕೆಯನ್ನು ತಡೆಯುತ್ತದೆ. ಭಾಲ್ಕಿ, ಔರಾದ್ ಕಡೆಯ ಎರೆಯಲ್ಲಿ ನೀರು ನಿಂತು ಬೀಜ ಕೊಳೆಯುತ್ತದೆ. ತೂತಿನ ಝಾರಿಯಲ್ಲಿ ಬೆಳಿಗ್ಗೆ, ಸಂಜೆ ಹದವಾಗಿ ಚಿಮುಕಿಸಿ. ಒಣಹುಲ್ಲು ಅಥವಾ ಕಬ್ಬಿನ ರವದಿ ಹೊದಿಸಿ. ಮೊಳಕೆ ಕಂಡ ದಿನವೇ ಸಂಜೆ ಹೊದಿಕೆ ತೆಗೆಯಿರಿ. ತಡಮಾಡಿದರೆ ಸಸಿ ಸೊರಗಿ ಉದ್ದವಾಗುತ್ತದೆ.

ಮಡಿ ಮತ್ತು ಬೀಜೋಪಚಾರ

- ಮಡಿ: 7.5 ಮೀ. ಉದ್ದ, 1.2 ಮೀ. ಅಗಲ, 10ರಿಂದ 15 ಸೆಂ.ಮೀ. ಎತ್ತರ. ಮಡಿಯೊಂದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 20 ಕೆ.ಜಿ., 15:15:15 ಗೊಬ್ಬರ ಅರ್ಧ ಕೆ.ಜಿ. ಹಸಿ ಸಗಣಿ ಬೇಡ.
- 1 ಕೆ.ಜಿ. ಬೀಜಕ್ಕೆ ಕ್ಯಾಪ್ಟಾನ್ ಅಥವಾ ಥೈರಮ್ 3 ಗ್ರಾಂ, ಇಲ್ಲವೇ ಟ್ರೈಕೋಡರ್ಮಾ 4 ಗ್ರಾಂ. ಎರಡನ್ನೂ ಕಲಸಬೇಡಿ, ರಾಸಾಯನಿಕವು ಟ್ರೈಕೋಡರ್ಮಾವನ್ನು ಕೊಲ್ಲುತ್ತದೆ. 100 ಗ್ರಾಂ ಬೀಜಕ್ಕೆ ಬೇಕಾದ ಕ್ಯಾಪ್ಟಾನ್ 0.3 ಗ್ರಾಂ ಮಾತ್ರ. ಮುಷ್ಟಿಯ ಅಳತೆ ಬಿಡಿ.
- ಪಾಕೀಟಿನಲ್ಲಿ ಬರುವ ಬಣ್ಣ ಹಚ್ಚಿದ ಬೀಜಕ್ಕೆ ಉಪಚಾರ ಮೊದಲೇ ಆಗಿರುತ್ತದೆ. ಅದನ್ನು ನೆನೆಸಬೇಡಿ, ಮತ್ತೆ ಔಷಧ ಹಚ್ಚಬೇಡಿ.
- ಉಪಚಾರವಾಗದ ಬೆಂಡೆ ಬೀಜ 12 ಗಂಟೆ, ಹಾಗಲ 24 ಗಂಟೆ ನೆನೆಯಲಿ. ಕೊತ್ತಂಬರಿಯನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಿ.
- ಹುಟ್ಟಿದ ಸಸಿ ಬುಡ ಕೊಳೆತು ಮಲಗಿದರೆ, ಲೀಟರ್ ನೀರಿಗೆ ಕಾಪರ್ ಆಕ್ಸಿಕ್ಲೋರೈಡ್ 3 ಗ್ರಾಂ ಬೆರೆಸಿ ಮಣ್ಣು ತೊಯ್ಯುವಂತೆ ಸುರಿಯಿರಿ. ಒಂದೆರಡು ದಿನ ನೀರು ಕಡಿಮೆ ಮಾಡಿ.

ಡಿಸೆಂಬರ್, ಜನವರಿಯ ನಮ್ಮ ಚಳಿಯಲ್ಲಿ ಬೆಂಡೆ, ಹೀರೆ ಹಾಕಿ ಬೀಜವನ್ನು ಬೈಯಬೇಡಿ. ಮಣ್ಣು ಬೆಚ್ಚಗಾಗುವವರೆಗೆ ಕಾಯಿರಿ. ಈರುಳ್ಳಿ ಬೀಜದ ಶಕ್ತಿ ವರ್ಷದೊಳಗೇ ಕುಂದುತ್ತದೆ, ಹಳೆಯದನ್ನು ಬಿತ್ತಬೇಡಿ.

ಬಿತ್ತುವ ಮೊದಲು ಪರೀಕ್ಷೆ

ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ; ಬಟ್ಟೆ ಒಣಗಬಾರದು. ಟೊಮೆಟೊ, ಬದನೆ, ಮೆಣಸಿನಕಾಯಿಗೆ 14 ದಿನ ಕಾಯಿರಿ. ಟೊಮೆಟೊ, ಬದನೆ, ಈರುಳ್ಳಿಯಲ್ಲಿ 70, ಬೆಂಡೆಯಲ್ಲಿ 65, ಮೆಣಸಿನಕಾಯಿಯಲ್ಲಿ 60 ಮೊಳೆಯಬೇಕು. ಇದು ಬೀಜ ಪ್ರಮಾಣನದ ಕನಿಷ್ಠ ಮಟ್ಟ. ಇಷ್ಟು ಮೊಳೆತೂ ಮಡಿ ಬರಿದಾದರೆ ಆಳ, ನೀರು ಸರಿಪಡಿಸಿ. ಮೊಳೆಯದಿದ್ದರೆ ಬಿಲ್ಲು, ಲೇಬಲ್ ಇರುವ ಪಾಕೀಟು, ಉಳಿದ ಬೀಜ ಹಿಡಿದು ಕೂಡಲೇ ದೂರು ಕೊಡಿ. ಪಾಕೀಟು ಹರಿದು ಬದುವಿಗೆ ಎಸೆದವರ ದೂರಿಗೆ ಯಾವ ಅಧಿಕಾರಿಯೂ ಏನೂ ಮಾಡಲಾರ.