ಬಿಲ್ಲು ಓದಿ, ಮಾಳಿಗೆ ನೋಡಿ, ಆಮೇಲೆ ಸೋಲಾರ್

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಸಂಸಾರ ಹೂಡಿರುವ, ಬ್ಯಾಂಕಿನ ಸಾಲದಲ್ಲಿ ಸ್ವಂತ ಸೂರು ಕಟ್ಟಿಕೊಂಡಿರುವ ತಮ್ಮಂದಿರೇ, ತಂಗಿಯರೇ, ನಿಮಗೆ ನಾಲ್ಕು ಮಾತು ಹೇಳಬೇಕಾಗಿದೆ. ವಿದ್ಯಾನಗರ, ಗೋಕುಲ ರಸ್ತೆ, ನವನಗರ, ಸಪ್ತಾಪುರ, ಎಲ್ಲಿ ತಲೆಯೆತ್ತಿ ನೋಡಿದರೂ ಈಗ ಮಾಳಿಗೆಗಳ ಮೇಲೆ ಸೋಲಾರ್ ಪ್ಯಾನೆಲ್ ಕಾಣುತ್ತವೆ. ನಿಮ್ಮ ಫೋನಿಗೂ ಕರೆ ಬರುತ್ತಿರಬೇಕು: 78 ಸಾವಿರ ಸಬ್ಸಿಡಿ, ಬಿಲ್ಲು ಸೊನ್ನೆ, ಇವತ್ತೇ ಬುಕ್ ಮಾಡಿ ಎಂದು. ಬಿಸಿಲನ್ನು ಬಳಸಿಕೊಳ್ಳುವುದು ಒಳ್ಳೆಯದೇ, ಮಾಡಲೇಬೇಕಾದ ಕೆಲಸವೇ. ಆದರೆ ಯಾವುದನ್ನು ಹಾಕಿಸಬೇಕು, ಎಷ್ಟು ದೊಡ್ಡದು, ಯಾವ ದುಡ್ಡಿನಲ್ಲಿ ಎಂಬುದನ್ನು ಫೋನ್ ಮಾಡಿದವನು ತೀರ್ಮಾನಿಸಬಾರದು, ಸಬ್ಸಿಡಿಯೂ ತೀರ್ಮಾನಿಸಬಾರದು. ಅದನ್ನು ನಿಮ್ಮ ಮನೆಯ ಅಗತ್ಯ ತೀರ್ಮಾನಿಸಬೇಕು.

ಮೊದಲು ಹೆಸ್ಕಾಂನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ. ರೂಪಾಯಿಯನ್ನಲ್ಲ, ಯೂನಿಟ್ ನೋಡಿ. ಮಾರ್ಚ್-ಏಪ್ರಿಲ್‌ನಲ್ಲಿ ಎಷ್ಟು, ಆಷಾಢದಲ್ಲಿ ಎಷ್ಟು, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ, ಇಷ್ಟನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಮೀಟರು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೋ ಮನೆ ಮಾರಿದವರ ಹೆಸರಿನಲ್ಲೋ ಇದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ. ಸಬ್ಸಿಡಿ, ಸಾಲ, ಒಪ್ಪಂದ ಎಲ್ಲವೂ ಆ ಹೆಸರಿನ ಮೇಲೆಯೇ ನಿಂತಿರುತ್ತವೆ.

ನಮ್ಮ ರಾಜ್ಯದಲ್ಲಿ ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ, 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್‌ನ ಮಿತಿಯೊಳಗೆ ಕರೆಂಟು ಉಚಿತ. ಆ ಮಿತಿಯೊಳಗೇ ಇದ್ದು ತಿಂಗಳಿಗೆ 90-100 ಯೂನಿಟ್ ಬಳಸುವ ಮನೆಗೆ ಬಿಲ್ಲೇ ಸೊನ್ನೆ ಬರುತ್ತಿರುವಾಗ, ಬಿಲ್ಲು ಉಳಿಸುವುದಕ್ಕೆಂದು ಲಕ್ಷ ರೂಪಾಯಿ ಸಾಲ ಮಾಡಿ ಪ್ಯಾನೆಲ್ ಹಾಕಿಸಿದರೆ ಉಳಿಯುವುದು ಕಂತು ಮಾತ್ರ. ನಾಳೆ ಯೋಜನೆ ಬದಲಾದರೆ ಏನು ಗತಿ ಎಂದು ಕೇಳಬಹುದು. ಬದಲಾದಾಗ ಹಾಕಿಸಿಕೊಳ್ಳಿ, ಮಾಳಿಗೆ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಯವರೆಗೆ ತಿಂಗಳಿಗಿಷ್ಟು ಎಂದು ದುಡ್ಡು ಕೂಡಿಡಿ. ಬಳಕೆ 200 ದಾಟಿದವರ ಮಾತು ಬೇರೆ. ಅವರಿಗೆ 200ರವರೆಗಿನದೂ ಉಚಿತವಾಗುವುದಿಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಸೋಲಾರ್ ಲೆಕ್ಕ ಮುಖ್ಯವಾಗಿ ಇಂಥ ಮನೆಗಳಿಗೆ ಕೂಡಿಬರುತ್ತದೆ.

ಅವರೂ ಪ್ಯಾನೆಲ್‌ಗಿಂತ ಮೊದಲು ಬಳಕೆಯತ್ತ ನೋಡಬೇಕು. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ಎರಡು ಕಿಲೋವ್ಯಾಟಿನ ಗೀಸರು ಒಂದು ತಾಸು ಉರಿದರೆ ಎರಡು ಯೂನಿಟ್ ಹೋಯಿತು. 220-230 ಯೂನಿಟ್ ಬಳಸುವ ಎಷ್ಟೋ ಮನೆಗಳು ಇವೆರಡನ್ನೇ ಸರಿಮಾಡಿಕೊಂಡು 200ರ ಒಳಗೆ ಇಳಿಯಬಲ್ಲವು. ಉಳಿಸಿದ ಯೂನಿಟ್‌ಗೆ ಸಾಲ ಬೇಡ, ಮಾಳಿಗೆ ಬೇಡ. ಬಾಡಿಗೆ ಮನೆಯಲ್ಲಿರುವ ನೌಕರರೂ ವಿದ್ಯಾರ್ಥಿಗಳೂ ಮಾಡಬಹುದಾದದ್ದು ಇದು.

ಗೀಸರಿನ ಮಾತು ಬಂದದ್ದರಿಂದ ನೀರು ಕಾಯಿಸುವ ಸೋಲಾರ್ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಊರಿನ ಮಧ್ಯಮವರ್ಗದ ಮನೆಗೆ ಎಲ್ಲಕ್ಕಿಂತ ಮೊದಲು ಸಲ್ಲುವುದು ಇದೇ. ನಾಲ್ಕು ಜನರ ಮನೆಗೆ ದಿನಕ್ಕೆ 100 ಲೀಟರಿನದು ಸಾಕು. ಅದು ವರ್ಷಕ್ಕೆ 1,500 ಯೂನಿಟ್‌ವರೆಗೆ ಉಳಿಸಬಲ್ಲದು. ಅದಕ್ಕೆ ಹೆಸ್ಕಾಂ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿಯೂ ಉಂಟು, ಅನೇಕರು ಅರ್ಜಿ ಕೊಡದೆ ಬಿಟ್ಟಿರುತ್ತಾರೆ. ಕೊಳ್ಳುವಾಗ ನಿಮ್ಮ ನೀರು ಎಂಥದು ಎಂದು ನೋಡಿ. ಮಲಪ್ರಭೆಯ ನೀರು ಎಷ್ಟೋ ಬಡಾವಣೆಗಳಿಗೆ ದಿನಬಿಟ್ಟು ದಿನವೂ ಬರುವುದಿಲ್ಲ. ನಡುವೆ ಬೋರಿನ ನೀರೇ ಗತಿ. ಆ ಗಡಸು ನೀರು ತಾಮ್ರದ ಸಣ್ಣ ಕೊಳವೆಗಳಲ್ಲಿ ಉಪ್ಪುಗಟ್ಟುತ್ತದೆ. ಬೋರಿನ ನೀರು ಬಳಸುವವರು ಗಾಜಿನ ಕೊಳವೆಯದನ್ನು ಆರಿಸಿಕೊಂಡರೆ ಬಾಳಿಕೆ ಹೆಚ್ಚು. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಮೇಲೆ ಇರಬೇಕು. ಮನೆ ಕಟ್ಟುವಾಗಲೇ ಎಂಜಿನಿಯರಿಗೆ ಇದನ್ನು ಹೇಳಿ, ಬಿಸಿನೀರಿನ ಪೈಪನ್ನು ಬಚ್ಚಲಿನವರೆಗೆ ಎಳೆಸಿಕೊಳ್ಳಿ. ಗೋಡೆ ಎದ್ದ ಮೇಲೆ ಒಡೆಸುವುದು ದುಬಾರಿ.

ಇನ್ನು ಕರೆಂಟು ಕೊಡುವ ಪ್ಯಾನೆಲ್. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಭಾಗದಲ್ಲಿ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ದಕ್ಷಿಣಕ್ಕೆ ಮುಖಮಾಡಿ 15 ಡಿಗ್ರಿಯಷ್ಟು ಬಾಗಿಸಿದರೆ ನಮ್ಮ ಅಕ್ಷಾಂಶಕ್ಕೆ ಸರಿ. ಆದರೆ ಎರಡು ಊರುಗಳ ಆಕಾಶ ಒಂದೇ ಅಲ್ಲ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ, ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಹೆಚ್ಚು. ಹುಬ್ಬಳ್ಳಿಯಲ್ಲಿ ಮಳೆ ಕಡಿಮೆ, ಧೂಳು ಜಾಸ್ತಿ. ಮಳೆಗಾಲದ ಇಳುವರಿ ಬೇಸಿಗೆಯದರ ಅರ್ಧಕ್ಕೆ ಬಂದರೂ ಗಾಬರಿಯಾಗಬೇಡಿ, ವರ್ಷದ ಮೊತ್ತ ನೋಡಿ. ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಅದರ ಸಾಲಿನಲ್ಲಿರುವ ಉಳಿದವುಗಳ ಕೆಲಸವನ್ನೂ ತಗ್ಗಿಸಬಹುದು. ಹಾಗೆಂದು ಮಾಳಮಡ್ಡಿಯ ಹಳೆಯ ಮಾವಿನ ಮರ ಕಡಿಸಿ ಪ್ಯಾನೆಲ್ ಕೂಡಿಸಬೇಡಿ. ನೆರಳು ಬೀಳುವ ಮಾಳಿಗೆಯಲ್ಲಿ ಬಿಸಿಲು ಬೀಳುವ ಒಂದು ಮೂಲೆಯಿದ್ದರೆ ಅಲ್ಲಿ ನೀರಿನ ಸೋಲಾರ್ ಮಾತ್ರ ಸಾಕು. ಮರ ಕೊಡುವ ತಂಪು ಕೂಡ ಕರೆಂಟಿನ ಉಳಿತಾಯವೇ.

ಇಲ್ಲಿ ಅನೇಕರು ತಪ್ಪು ತಿಳಿಯುವ ವಿಷಯ ಒಂದಿದೆ. ಹೆಸ್ಕಾಂ ತಂತಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲೆಂದೇ ಇನ್ವರ್ಟರನ್ನು ಹಾಗೆ ಮಾಡಿರುತ್ತಾರೆ. ಬಿಲ್ಲು ಇಳಿಯಬೇಕೆಂದಿದ್ದರೆ ಆನ್‌ಗ್ರಿಡ್ ಸಾಕು. ಕರೆಂಟು ಹೋದಾಗಲೂ ದೀಪ, ಫ್ಯಾನು, ಮಕ್ಕಳ ಓದು ನಿಲ್ಲಬಾರದು ಎನ್ನುವವರು ಬ್ಯಾಟರಿಯುಳ್ಳ ಹೈಬ್ರಿಡ್ ನೋಡಬೇಕು, ಬ್ಯಾಟರಿಯನ್ನು ಕಾಲಕಾಲಕ್ಕೆ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡರಲ್ಲಿ ನಿಮಗೆ ಯಾವುದು ಬೇಕೆಂದು ಅಂಗಡಿಗೆ ಹೋಗುವ ಮುಂಚೆಯೇ ಮನೆಮಂದಿ ಕೂತು ಮಾತಾಡಿಕೊಳ್ಳಿ.

ಗಾಳಿಯಂತ್ರದ ಆಸೆಯೂ ಕೆಲವರಿಗಿದೆ. ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ದೊಡ್ಡ ರೆಕ್ಕೆಗಳನ್ನು ಕಂಡವರಿಗೆ ಹಾಗೆ ಅನಿಸುವುದು ಸಹಜ. ಗಾಳಿಯ ವೇಗ ಅರ್ಧವಾದರೆ ಅದರಿಂದ ಸಿಗುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗುಡ್ಡದ ನೆತ್ತಿಯ ಗಾಳಿ ಬೇರೆ, ಕೇಶ್ವಾಪುರದ ಕಟ್ಟಡಗಳ ನಡುವೆ ಮುರಿದು ಸುಳಿಯುವ ಗಾಳಿ ಬೇರೆ. ಊರೊಳಗಿನ ಮನೆಗೆ ಗಾಳಿಯಂತ್ರ ಬೇಡ. ಎಮ್ಮೆ-ಆಕಳು ಕಟ್ಟಿರುವ ಮನೆಯವರು ಮಾತ್ರ ಗೋಬರ್ ಗ್ಯಾಸ್ ಮರೆಯಬಾರದು. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಎಂದರೆ ನಾಲ್ಕೈದು ದನ ಬೇಕು. ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಇದನ್ನು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ಒಲೆಗೆ ಗ್ಯಾಸು, ತೋಟಕ್ಕೆ ಗೊಬ್ಬರ ಎರಡೂ ಅವರಿಗೆ ದಕ್ಕಿವೆ.

ಈಗ ದುಡ್ಡಿನ ಮಾತು. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂಪಾಯಿ ಸಬ್ಸಿಡಿ. ಮೂರು ದಾಟಿದರೆ ಹೆಚ್ಚಿಗೆ ಏನೂ ಇಲ್ಲ. ಸೆಲ್ ಕೂಡ ಭಾರತದಲ್ಲೇ ತಯಾರಾದ ಪ್ಯಾನೆಲ್‌ಗಷ್ಟೇ ಇದು ಸಿಗುತ್ತದೆ. ಹಣ ಬರುವುದು ಕೆಲಸ ಮುಗಿದು ಹೆಸ್ಕಾಂ ತಪಾಸಣೆಯಾದ ಮೇಲೆ, ನೇರ ನಿಮ್ಮ ಖಾತೆಗೆ. ಆದ್ದರಿಂದ ಅಲ್ಲಿಯವರೆಗೆ ಪೂರ್ತಿ ಮೊತ್ತ ಹೇಗೆ ಹೊಂದಿಸುತ್ತೀರಿ ಎಂಬುದನ್ನು ಮೊದಲೇ ಯೋಚಿಸಿ.

ಒಂದು ಲೆಕ್ಕ ಹಾಕೋಣ. ತಿಂಗಳಿಗೆ 300 ಯೂನಿಟ್ ಬಳಸುವ ಮನೆ, ಎರಡು ಕಿಲೋವ್ಯಾಟ್ ಪ್ಯಾನೆಲ್, ಖರ್ಚು 1 ಲಕ್ಷ 40 ಸಾವಿರ ಎಂದಿಟ್ಟುಕೊಳ್ಳಿ. ಸಬ್ಸಿಡಿ 60 ಸಾವಿರ ಕಳೆದರೆ ಉಳಿದದ್ದು 80 ಸಾವಿರ. ಅದು ಕೊಡುವ 240 ಯೂನಿಟ್‌ಗೆ ತಲಾ 6 ರೂಪಾಯಿಯಂತೆ ತಿಂಗಳಿಗೆ 1,440 ರೂಪಾಯಿ ಉಳಿತಾಯ. ಆ 80 ಸಾವಿರವನ್ನು ಶೇಕಡಾ 7ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ಪಡೆದರೆ ಕಂತು 1,580ರ ಮೇಲೆ, ಏಳು ವರ್ಷಕ್ಕಾದರೆ ಸುಮಾರು 1,210. ಐದು ವರ್ಷದ ಕಂತನ್ನು ಉಳಿತಾಯವೊಂದೇ ಹೊರಲಾರದು, ಏಳು ವರ್ಷದ್ದನ್ನು ಹೊರುತ್ತದೆ. ಕಂತು ಉಳಿತಾಯದ ಒಳಗೇ ಇರಲಿ, ಇದೇ ನನ್ನ ಮುಖ್ಯ ಮಾತು. ಇದಕ್ಕೆಂದೇ ಸರ್ಕಾರಿ ಬ್ಯಾಂಕುಗಳು 2 ಲಕ್ಷದವರೆಗೆ ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಸಾಲ ಕೊಡುತ್ತಿರುವಾಗ ಬಂಗಾರ ಒತ್ತೆಯಿಡುವುದು, ಚೀಟಿ ಎತ್ತುವುದು, ಕ್ರೆಡಿಟ್ ಕಾರ್ಡ್ ಉಜ್ಜುವುದು ಬೇಡವೇ ಬೇಡ.

ಸೋಲಾರ್‌ಗೆ ಸಾಲ ಎಂಬುದು ನಮ್ಮ ನೆಲಕ್ಕೆ ಹೊಸದಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು, 1990ರ ದಶಕದಲ್ಲೇ ಹಳ್ಳಿಯ ಮನೆಗಳ ಸೋಲಾರ್ ದೀಪಕ್ಕೆ ಸಾಲ ಕೊಟ್ಟ ಮೊದಮೊದಲ ಬ್ಯಾಂಕುಗಳಲ್ಲಿ ಒಂದು. ಅದು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಸೋಲಾರ್ ಸಾಲದ ಬಡ್ಡಿ ಇಳಿಸುವ ಯೋಜನೆ ನಡೆಸಿದಾಗ, ಸಾವಿರಾರು ಮನೆಗಳಿಗೆ ಬೆಳಕು ಬಂತು. 1995ರಲ್ಲಿ ಸೋಲಾರ್ ಕಂಪನಿ ಸೆಲ್ಕೋ ಕಟ್ಟಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಬೀದಿ ವ್ಯಾಪಾರಿಯೊಬ್ಬರಿಂದ ಕಲಿತದ್ದನ್ನು ಹೇಳುತ್ತಿರುತ್ತಾರೆ: ತಿಂಗಳಿಗೆ 300 ರೂಪಾಯಿ ಆಕೆಗೆ ಭಾರ, ದಿನಕ್ಕೆ 10 ರೂಪಾಯಿ ಸಲೀಸು. ದಿನಗೂಲಿಯವರಿಗೆ ದಿನದ ಕಂತು, ರೈತರಿಗೆ ಸುಗ್ಗಿಯ ಕಂತು, ಸಂಬಳದವರಿಗೆ ತಿಂಗಳ ಕಂತು. ಬ್ಯಾಂಕಿಗೆ ಹೋದಾಗ ನಿಮ್ಮ ಆದಾಯ ಯಾವಾಗ ಕೈಗೆ ಬರುತ್ತದೆ ಎಂಬುದನ್ನು ಮ್ಯಾನೇಜರ್ ಮುಂದೆ ಬಿಚ್ಚಿ ಹೇಳಿ. ಕೇಳಲು ಸಂಕೋಚಪಡಬೇಡಿ.

ಹೆಚ್ಚಿಗೆ ಹಾಕಿಸಿ ಹೆಸ್ಕಾಂಗೆ ಮಾರಿ ಗಳಿಸಬಹುದು ಎಂಬ ಮಾತಿಗೆ ಮರುಳಾಗಬೇಡಿ. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಮಾಳಿಗೆ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. ಆ ಕಾಲ ಮುಗಿದಿದೆ. ಈಗ ಹೊಸಬರು ಕೊಡುವ ಹೆಚ್ಚುವರಿ ಯೂನಿಟ್‌ಗೆ ಸಿಗುವುದು ನಾವು ಕಟ್ಟುವ ದರಕ್ಕಿಂತ ಬಹಳ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇಲ್ಲಿಗೂ ಸರಿ: ನಿಮ್ಮ ಬಳಕೆಗೆ ಎರಡು ಕಿಲೋವ್ಯಾಟ್ ಸಾಕಾದರೆ ಎರಡರಲ್ಲೇ ನಿಲ್ಲಿ.

ಕೆಲಸ ವಹಿಸುವಾಗ ಕನಿಷ್ಠ ಮೂವರಿಂದ ದರಪಟ್ಟಿ ತರಿಸಿ. ಸೂರ್ಯಘರ್ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿದವರನ್ನೇ ಕರೆಯಿರಿ. ಪ್ಯಾನೆಲ್‌ಗೆ 25 ವರ್ಷದ ಖಾತರಿ ಇದೆ ಎಂದಷ್ಟಕ್ಕೆ ಸುಮ್ಮನಾಗದೆ ಇನ್ವರ್ಟರ್‌ಗೆ ಎಷ್ಟು ವರ್ಷ, ಕಬ್ಬಿಣದ ಚೌಕಟ್ಟಿಗೆ ಎಷ್ಟು, ಅರ್ಥಿಂಗ್ ಮತ್ತು ಸಿಡಿಲು ತಡೆ ದರದಲ್ಲಿ ಸೇರಿವೆಯೇ, ಐದು ವರ್ಷದ ನಿರ್ವಹಣೆ ಬರಹದಲ್ಲಿದೆಯೇ ಎಂದು ಕೇಳಿ. ನಮ್ಮ ಕಡೆಯ ಏಪ್ರಿಲ್-ಮೇ ಗಾಳಿಮಳೆ ಸಾಮಾನ್ಯದ್ದಲ್ಲ, ಚೌಕಟ್ಟು ಗಟ್ಟಿಯಿರಬೇಕು. ಪೂರ್ತಿ ಹಣ ಮುಂಗಡ ಕೊಡಬೇಡಿ. ಓದದ ಕಾಗದಕ್ಕೆ ಸಹಿ ಹಾಕಬೇಡಿ. ಅಪಾರ್ಟ್‌ಮೆಂಟಿನವರು ಒಬ್ಬೊಬ್ಬರೇ ಒದ್ದಾಡದೆ ಸಂಘದ ಮೂಲಕ ಹೋಗಿ. ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18 ಸಾವಿರ ಸಬ್ಸಿಡಿ ಉಂಟು. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಕೂಡಿ ಮಾಡುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಹಾಕಿಸಿದ ಮೇಲೆ ಮರೆತು ಬಿಡಬೇಡಿ. ಹುಬ್ಬಳ್ಳಿಯ ಧೂಳು ಕೂತ ಪ್ಯಾನೆಲ್ ಸದ್ದಿಲ್ಲದೆ ಇಳುವರಿ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಮೆತ್ತನೆ ಬಟ್ಟೆಯಿಂದ ಒರೆಸಿ. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿಯಬೇಡಿ. ಬೋರಿನ ನೀರಾದರೆ ಕಲೆ ಉಳಿಯದಂತೆ ಒಣಗಿಸಿ. ತಿಂಗಳಿಗೊಮ್ಮೆ ಇನ್ವರ್ಟರಿನ ಯೂನಿಟ್ ಬರೆದಿಡಿ. ಕಳೆದ ವರ್ಷದ ಅದೇ ತಿಂಗಳಿಗಿಂತ ತುಂಬಾ ಕಡಿಮೆಯಾದರೆ ಹಾಕಿದವರನ್ನು ಕರೆಸಿ.

ಇನ್ನೂ ವಯಸ್ಸಿದೆ ನಿಮಗೆ. ಈಗ ಸರಿಯಾಗಿ ಆರಿಸಿದ ಪ್ಯಾನೆಲ್ ನಿಮ್ಮ ಮಕ್ಕಳು ಕಾಲೇಜು ಮುಗಿಸುವವರೆಗೂ ದುಡಿಯುತ್ತದೆ. ಅವಸರದಲ್ಲಿ ಮಾಡಿದ ಸಾಲವೂ ಅಷ್ಟೇ ದೂರ ಬೆನ್ನು ಹತ್ತುತ್ತದೆ. ಈ ವಾರವೇ ಹನ್ನೆರಡು ಬಿಲ್ಲು ಹುಡುಕಿ ತೆಗೆಯಿರಿ, ಮಾಳಿಗೆ ಹತ್ತಿ ನೆರಳು ಎಲ್ಲಿ ಬೀಳುತ್ತದೆ ನೋಡಿ, ಕಂತಿನ ಲೆಕ್ಕ ನೀವೇ ಹಾಕಿ. ಆ ಲೆಕ್ಕ ಕೂಡಿಬಂದರೆ ಧೈರ್ಯವಾಗಿ ಹಾಕಿಸಿ. ಕೂಡಿಬರದಿದ್ದರೆ ಎಷ್ಟೇ ಸಬ್ಸಿಡಿ ಇದ್ದರೂ ಬೇಡ ಎನ್ನಿ.