ತಾಟಿನ ಅಂಚಿಗೆ ಸರಿಸಿದ್ದು

ಗೋಕಾಕ, ಮೂಡಲಗಿ, ಹುಕ್ಕೇರಿ ವಲಯಗಳ ಮಕ್ಕಳೇ, ನಾಳೆ ಬಿಸಿಯೂಟ ಮುಗಿದ ಮೇಲೆ ತಾಟು ತೊಳೆಯುವ ನಳದ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಅನ್ನದ ಅಗಳು ಹೆಚ್ಚು ಕಾಣಲಿಕ್ಕಿಲ್ಲ. ಅನ್ನ-ಸಾರನ್ನು ನೀವು ಬಳಿದು ಉಂಡಿರುತ್ತೀರಿ. ಗಟಾರದಲ್ಲಿ ತೇಲಿ ಹೋಗುವುದು ಕುಂಬಳಕಾಯಿ ಹೋಳು, ಮೂಲಂಗಿ ಚೂರು, ಮೆಂತೆಯ ದಂಟು, ಟಮಾಟಿ ಸಿಪ್ಪೆ, ತತ್ತಿಯೊಳಗಿನ ಹಳದಿ. ತಾಟಿನ ಅಂಚಿಗೆ ಆರಿಸಿ ಸರಿಸಿದ್ದೆಲ್ಲ ಅಲ್ಲಿರುತ್ತದೆ. ನಾನು ಹೇಳಬೇಕೆಂದಿರುವುದು ಅದರ ಬಗ್ಗೆಯೇ. ಅಳೆದು ತೂಗಿ ಕೊಟ್ಟ ಊಟದ ಸತ್ವ ಒಲೆಯ ಮೇಲೆ ಹೋಗುವುದಕ್ಕಿಂತ ಹೆಚ್ಚಾಗಿ ನಿಮ್ಮ ಬೆರಳ ತುದಿಯಲ್ಲೇ ಹೋಗುತ್ತದೆ.

ನಾನು ಕಲಿತದ್ದೂ ಕಲಿಸಿದ್ದೂ ಇದೇ ಘಟಪ್ರಭಾ ದಂಡೆಯ ಊರುಗಳಲ್ಲಿ. ನಮ್ಮ ಕಾಲಕ್ಕೆ ಸಾಲಿಯಲ್ಲಿ ಸಿಗುತ್ತಿದ್ದದ್ದು ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ರವೆಯ ಉಪ್ಪಿಟ್ಟು, ಪುಡಿ ಕಲಸಿದ ಹಾಲು. ತಾಟು ಮರೆತವರು ಪಾಟಿಯ ಮೇಲೆಯೇ ಹಾಕಿಸಿಕೊಂಡು ತಿಂದದ್ದುಂಟು. ನಿಮ್ಮ ಊಟದ ಕಥೆ ಬೇರೆ. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಲೇಬೇಕೆಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು, ಮರುವರ್ಷ ನಮ್ಮ ಕಡೆಗೂ ಬಂತು, ಮುಂದೆ ಹೈಸ್ಕೂಲಿಗೂ ಮುಟ್ಟಿತು. ಕೋರ್ಟು ಕೊಡಿಸಿದ ಹಕ್ಕಿನ ಊಟ ಇದು. ಒಂಬತ್ತು, ಹತ್ತನೇ ಇಯತ್ತೆಗೆ ಬಂದ ಕೂಡಲೇ ‘ಬಿಸಿಯೂಟ ಸಣ್ಣ ಹುಡುಗರಿಗೆ’ ಎಂದು ಮೂಗು ಮುರಿದು ಬಸ್‌ಸ್ಟ್ಯಾಂಡಿನ ವಡಾಪಾವ್ ಕಡೆ ಹೊರಡುವವರಿಗೆ ಇದನ್ನು ಬೇರೆಯಾಗಿ ಹೇಳುತ್ತೇನೆ. ಅದೇ ವಯಸ್ಸಿನಲ್ಲಿ ಮೈ ಜೋರಾಗಿ ಬೆಳೆಯುವುದು. ಆಗಲೇ ನೀವು ಸಾಲು ಬಿಟ್ಟು ಏಳುತ್ತೀರಿ.

ಸ್ವಲ್ಪ ಲೆಕ್ಕ ಮಾಡೋಣ. ಒಂದರಿಂದ ಐದನೇ ಇಯತ್ತೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150, 30, 75 ಗ್ರಾಂ. ಚಿಕ್ಕವರಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನು, ದೊಡ್ಡವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನು ಸಿಗಬೇಕೆಂಬುದು ಕೇಂದ್ರದ ನಿಯಮ. ಈ 12 ಗ್ರಾಂ ಪ್ರೋಟೀನಿನಲ್ಲಿ ಅಕ್ಕಿಯ ಪಾಲು ಸುಮಾರು 8. ಉಳಿದದ್ದು ಆ 20 ಗ್ರಾಂ ತೊಗರಿ ಬೇಳೆಯಿಂದ ಬರಬೇಕು. ಮುಷ್ಟಿಯೂ ತುಂಬದ ಬೇಳೆಯೊಳಗೆ ಮೂರರಲ್ಲಿ ಒಂದು ಪಾಲು! ಅಲ್ಲದೆ ಅಕ್ಕಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಎರಡೂ ಕೂಡಿದರೆ ಮಾತ್ರ ಮೈ ಆ ಪ್ರೋಟೀನನ್ನು ಪೂರ್ತಿ ಉಪಯೋಗಿಸಿಕೊಳ್ಳುತ್ತದೆ.

ಆ ಬೇಳೆ ಎಲ್ಲಿರುತ್ತದೆ? ಪಾತ್ರೆಯ ತಳದಲ್ಲಿ. ಅಡುಗೆಯ ಅಕ್ಕಂದಿರು ನೂರಾರು ತಾಟಿಗೆ ಅವಸರದಲ್ಲಿ ಬಡಿಸುತ್ತಿರುತ್ತಾರೆ, ಸೌಟು ಮೇಲ್ಮೇಲೆ ಓಡುತ್ತದೆ. ಸಾಲಿನ ಮುಂದೆ ಕೂತವರಿಗೆ ತಿಳಿಸಾರು, ಕೊನೆಗೆ ಕೂತವರಿಗೆ ಗಟ್ಟಿ ಬೇಳೆ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಆರನೇ ಇಯತ್ತೆಯ ಹುಡುಗಿಯೊಬ್ಬಳು ದಿನಾಲೂ ತಾಟು ಹಿಡಿದು, ಸೌಟು ಇಳಿಯುವ ಮೊದಲೇ, “ಯಕ್ಕಾ, ತಳದಾಗಿಂದ ಒಮ್ಮಿ ತಿರುವಿ ಹಾಕ್ರೀ” ಎನ್ನುತ್ತಿದ್ದಳು. ಅಡುಗೆಯಾಕೆ ಮೊದಮೊದಲು “ನಿನಗೊಬ್ಬಾಕಿಗೆ ಎಷ್ಟ್ ಸಲ ತಿರುವಲೇ ತಂಗಿ” ಎಂದು ಗೊಣಗಿದರು, ಆಮೇಲೆ ಆಕೆ ಕೇಳುವ ಮೊದಲೇ ತಿರುವತೊಡಗಿದರು. ಇಡೀ ಸಾಲಿಗೆ ಬೇಳೆ ಬಿತ್ತು. ನಾನು ವರ್ಗದಲ್ಲಿ ಪೌಷ್ಟಿಕತೆಯ ಪಾಠ ಎಷ್ಟು ಸಲ ಮಾಡಿದ್ದೇನೋ, ಆಕೆಯ ಒಂದು ಮಾತಿನಿಂದ ಆದಷ್ಟು ಉಪಕಾರ ಆಗಿರಲಿಕ್ಕಿಲ್ಲ. ನೀವೂ ಕೇಳಿ. ಆದರೆ ‘ಯಕ್ಕಾ’ ಎಂದೇ ಕೇಳಿ. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತವರು ಅವರು.

ಇನ್ನೊಂದು ವಸ್ತುವನ್ನು ನೀವು ಬಹಳ ಜಾಣತನದಿಂದ ಆರಿಸಿ ಎಸೆಯುತ್ತೀರಿ. ಅನ್ನದಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣ ಬೇರೆಯಾದ ಅಗಳು ಸಿಗುತ್ತದೆ, ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಎಂದು ಊರೆಲ್ಲ ಸುದ್ದಿ. ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ ಮತ್ತೆ ಅಕ್ಕಿಯ ಆಕಾರಕ್ಕೆ ತಂದು, 100 ಕಿಲೊ ಅಕ್ಕಿಗೆ 1 ಕಿಲೊದಂತೆ ಕೂಡಿಸಿರುತ್ತಾರೆ. ನೂರರಲ್ಲಿ ಒಂದೇ ಅಗಳು, ಅದನ್ನೇ ನೀವು ಹುಡುಕಿ ಹೊರಗಿಟ್ಟರೆ ಕೂಡಿಸಿದ್ದು ಯಾರಿಗಾಗಿ?

ತತ್ತಿಯ ಮಾತಿಗೆ ಬರುತ್ತೇನೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮತ್ತು ವಿಜಯಪುರದಲ್ಲಿ ಶುರುವಾದದ್ದು ಮರುವರ್ಷ ನಮ್ಮ ಶಾಲೆಗಳಿಗೂ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರದ ಆರೂ ದಿನಕ್ಕೆ ವಿಸ್ತರಿಸಿತು. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಅಂದರೆ ಚಿಕ್ಕವರ ಇಡೀ ಊಟದಲ್ಲಿರುವುದರ ಅರ್ಧ. ಬಿಳಿ ತಿಂದು ಹಳದಿ ಎಸೆಯುವವರೇ ಕೇಳಿ: ಎ ಮತ್ತು ಡಿ ಜೀವಸತ್ವ, ಕಬ್ಬಿಣ ಇರುವುದು ಆ ಹಳದಿಯಲ್ಲೇ. ಗಂಟಲಿಗೆ ಅಂಟುತ್ತದೆ ಎಂದರೆ ಸಾರಿನಲ್ಲಿ ಹಿಚುಕಿ ಉಣ್ಣಿ.

ನಮ್ಮ ಭಾಗದಲ್ಲಿ ತತ್ತಿ ಮುಟ್ಟದ ಮನೆಗಳು ಬಹಳ. ಮನೆಯಲ್ಲಿ ಬೇಡ ಎಂದಿದ್ದರೆ ಬೇಡ, ಅದಕ್ಕೆ ಬಾಳೆಹಣ್ಣು ಕೊಡುತ್ತಾರೆ. ಬಾಳೆಹಣ್ಣು ಒಳ್ಳೆಯದೇ, ಆದರೆ ತತ್ತಿಗೆ ಸಮ ಎಂದು ನಾನು ಸುಳ್ಳು ಹೇಳುವುದಿಲ್ಲ. ಅದರಲ್ಲಿ ಪ್ರೋಟೀನು ಒಂದು ಗ್ರಾಂ ಸುತ್ತಮುತ್ತ. ಆ ಕೊರತೆಯನ್ನು ಮನೆಯಲ್ಲಿ ಶೇಂಗಾ, ಪುಠಾಣಿ, ಮೊಳಕೆ ಬಂದ ಹೆಸರು, ಮಡಕೆ ಕಾಳು, ಮೊಸರಿನಿಂದ ತುಂಬಿಸಿಕೊಳ್ಳಿ. ಮತ್ತೆ, ಯಾರ ತಾಟಿನಲ್ಲಿ ತತ್ತಿ, ಯಾರ ಕೈಯಲ್ಲಿ ಬಾಳೆಹಣ್ಣು ಎಂದು ಆಡಿಕೊಳ್ಳುವ ಚಟ ಕೆಲವರಿಗಿದೆ. ದೊಡ್ಡವರಿಂದ ಕಲಿತದ್ದು ಅದು. ಅದನ್ನು ದೊಡ್ಡವರಿಗೇ ಬಿಡಿ.

ಹಾಲು 2013ರಿಂದ, ರಾಗಿ ಮಾಲ್ಟು 2024ರಿಂದ ಸಿಗುತ್ತಿದೆ. ಹಾಲಿನ ಪುಡಿಯ ವಾಸನೆ ಹಿಡಿಸದವರು ಬಿಸಿ ಇರುವಾಗಲೇ ಕುಡಿಯಿರಿ, ಆರಿದ ಮೇಲೆ ಅದು ನನಗೂ ಸೇರುತ್ತಿರಲಿಲ್ಲ. ರಾಗಿಯ ಸುಣ್ಣದಂಶ ಅಕ್ಕಿಯದರ ಹತ್ತಾರು ಪಟ್ಟು, ಬೆಳೆಯುವ ಎಲುಬಿಗೆ ಬೇಕಾದದ್ದು. ನಮ್ಮದು ರಾಗಿ ಉಣ್ಣುವ ಸೀಮೆಯಲ್ಲ ಎಂಬ ನೆಪ ಬೇಡ.

ಈಗ ನೆತ್ತರಿನ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5, 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಮೂರನೇ ತಾಸಿಗೇ ಬೆಂಚಿನ ಮೇಲೆ ತಲೆ ಇಡುವವರನ್ನು ನಾವು ಮಾಸ್ತರರು ಸೋಮಾರಿ ಎನ್ನುತ್ತೇವೆ. ಹಲವರಿಗೆ ನಿಜಕ್ಕೂ ಮೈಯಲ್ಲಿ ರಕ್ತ ಕಡಿಮೆ ಇರುತ್ತದೆ. ನಿಮ್ಮ ಮುಂಜಾನೆಯನ್ನೇ ನೋಡಿ. ಎದ್ದ ಕೂಡಲೇ ಚಹಾ, ಜೊತೆಗೆ ಖಾರಿ ಅಥವಾ ಟೋಸ್ಟು, ಅಷ್ಟಕ್ಕೇ ಪಾಟೀಚೀಲ ಹೆಗಲಿಗೆ. ಮಧ್ಯಾಹ್ನ ಊಟದ ಬೆನ್ನಿಗೇ ಮತ್ತೆ ಅರ್ಧ ಕಪ್ಪು ಚಹಾ ಕುಡಿಯುವ ಹೈಸ್ಕೂಲು ಹುಡುಗರನ್ನೂ ನೋಡಿದ್ದೇನೆ. ಚಹಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ತಾಸು ಅಂತರ ಇರಲಿ. ಇದಕ್ಕೆ ವಿರುದ್ಧವಾಗಿ ಲಿಂಬಿಹಣ್ಣು, ನೆಲ್ಲಿಕಾಯಿ, ಪೇರಲ ಹಣ್ಣಿನ ಸಿ ಜೀವಸತ್ವ ಕಬ್ಬಿಣವನ್ನು ಒಳಗೆಳೆದುಕೊಳ್ಳಲು ನೆರವಾಗುತ್ತದೆ. ಸಾರಿನ ಮೇಲೆ ಅರ್ಧ ಹೋಳು ಲಿಂಬಿ ಹಿಂಡಿಕೊಂಡರೆ ರುಚಿಗೂ ಆಯಿತು, ರಕ್ತಕ್ಕೂ ಆಯಿತು.

ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯೂ ಇದಕ್ಕೇ. ಚಿಕ್ಕವರಿಗೆ ಗುಲಾಬಿ, ಆರನೇ ಇಯತ್ತೆಯಿಂದ ಮೇಲಿನವರಿಗೆ ನೀಲಿ. ಕಂಪೌಂಡಿನ ಆಚೆ ನೀಲಿ ಗುಳಿಗೆಗಳು ಬಿದ್ದಿರುವುದನ್ನು ನಾನು ಕಂಡಿದ್ದೇನೆ, ಯಾರೆಸೆದರೆಂದು ಕೇಳಲಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಊಟವಾದ ಮೇಲೆ ನುಂಗಿ. ಮರುದಿನ ಮಲ ಕಪ್ಪಾದರೆ ಹೆದರಬೇಡಿ, ಅದು ಮೈಗೆ ಹತ್ತದೆ ಉಳಿದ ಕಬ್ಬಿಣ. ಫೆಬ್ರುವರಿ, ಆಗಸ್ಟಿನಲ್ಲಿ ಕೊಡುವ ಜಂತುಹುಳುವಿನ ಗುಳಿಗೆಯನ್ನೂ ಬಿಡಬೇಡಿ. ನೀವು ಉಂಡದ್ದರಲ್ಲಿ ಹುಳುವಿಗೂ ಪಾಲು ಕೊಡುವುದೇಕೆ?

ಇನ್ನು ಸಾಲಿಯ ಗೇಟಿನ ಅಂಗಡಿ. ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರಿನೊಳಗೆ ಜಿಡ್ಡು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. 50 ಮೀಟರು ಅಂದರೆ ನಿಮ್ಮ 100 ಮೀಟರ್ ಓಟದ ಅರ್ಧ. ಒಂದು ದಿನ ಹೆಜ್ಜೆ ಹಾಕಿ ಎಣಿಸಿ. ಹನ್ನೊಂದು ಗಂಟೆಯ ಸುಟ್ಟಿಯಲ್ಲಿ ಐದು ರೂಪಾಯಿಯ ಪಾಕೀಟು ಒಡೆದವರು ಒಂದು ಗಂಟೆಗೆ ತಾಟಿನ ಮುಂದೆ ಕೂತು “ಹಸಿವಿಲ್ರಿ ಸರ್” ಎನ್ನುತ್ತೀರಿ. ಕೊಂಡೇ ತೀರುವುದಾದರೆ ಪಾಕೀಟಿನ ಹಿಂದೆ ಓದಿ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಮೊದಲ ಮೂರು ಹೆಸರು ಹಿಟ್ಟು, ಎಣ್ಣೆ, ಸಕ್ಕರೆಯೇ ಆಗಿದ್ದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ತಂಪು ಪಾನೀಯದ ಸಣ್ಣ ಬಾಟಲಿಯಲ್ಲಿ ಐದಾರು ಚಮಚೆ ಸಕ್ಕರೆ ಇರುತ್ತದೆ. ನಮ್ಮದು ಕಬ್ಬಿನ ನಾಡು, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಕಾರ್ಖಾನೆಯೇ ಇದೆ, ಸಕ್ಕರೆಯನ್ನು ಬಯ್ಯುವ ಧೈರ್ಯ ನನಗಿಲ್ಲ! ಆದರೂ ಸಿಹಿ ಬೇಕೆನಿಸಿದಾಗ ಹೊಲದಲ್ಲಿ ಕೂತು ಒಂದು ಗಣಿಕೆ ಕಬ್ಬು ಹಲ್ಲಿನಿಂದಲೇ ಸುಲಿದು ತಿನ್ನಿ. ದವಡೆ ನೋಯುವಷ್ಟರಲ್ಲಿ ಆಸೆ ತೀರುತ್ತದೆ. ಗೋಕಾಕದ ಕರದಂಟೂ ಹಾಗೆಯೇ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಇದ್ದರೂ ಅದನ್ನು ಹಿಡಿದಿಟ್ಟಿರುವುದು ಬೆಲ್ಲ. ಬಾಣಂತಿಗೆ ಶಕ್ತಿಗೆಂದು ಕೊಡುವುದನ್ನು ದಿನಾ ಸಂಜೆ ಟಿವಿ ಮುಂದೆ ಕೂತು ತಿನ್ನುವುದಲ್ಲ.

ಡಬ್ಬಿ ಕಟ್ಟಿಕೊಂಡು ಖಾಸಗಿ ಶಾಲೆಯ ವ್ಯಾನು ಹತ್ತುವವರೇ, ನಿಮ್ಮ ಡಬ್ಬಿಯಲ್ಲಿ ನೂಡಲ್ಸು, ಬ್ರೆಡ್ಡು-ಜಾಮು ಇದ್ದರೆ ಬಿಸಿಯೂಟದ ತಾಟೇ ಮೇಲು. ನಿಮ್ಮ ಅಜ್ಜಿಯ ಬುತ್ತಿಯಲ್ಲಿ ಏನಿರುತ್ತಿತ್ತು ಎಂದು ಕೇಳಿ ನೋಡಿ. ಜೋಳದ ರೊಟ್ಟಿ, ಶೇಂಗಾ ಇಲ್ಲವೆ ಅಗಸಿ ಹಿಂಡಿ, ಮಡಕೆ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಒಂದಿಷ್ಟು ಮೆಂತೆ ಸೊಪ್ಪು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಮೂ ಇಲ್ಲ, ಜೋಳದಲ್ಲಿ ಸುಮಾರು 4. ನಾರಿನಂಶ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ, ಜೋಳದಲ್ಲಿ 10ರ ಹತ್ತಿರ. ಮಧ್ಯಾಹ್ನ ಸಾಲಿಯಲ್ಲಿ ಅನ್ನ ಉಂಡವರು ರಾತ್ರಿ ಮನೆಯಲ್ಲಿ ಮತ್ತೆ ಅನ್ನಕ್ಕೆ ಹಟ ಮಾಡಬೇಡಿ, ರೊಟ್ಟಿ ಕೇಳಿ. ತಟ್ಟುವುದು ಅವ್ವನೊಬ್ಬಳ ಕೆಲಸವೆಂದು ಕೂರದೆ, ಹುಡುಗರೂ ಹಿಟ್ಟು ನಾದಲು ಕಲಿಯಿರಿ.

ಎಲ್ಲವನ್ನೂ ಉಣ್ಣಿ ಎಂದೆನಾದರೂ ಒಂದಕ್ಕೆ ಮಾತ್ರ, ಕೆಟ್ಟ ಊಟಕ್ಕೆ, ಇಲ್ಲ ಎನ್ನಬೇಕು. ಬಡಿಸುವ ಮೊದಲು ಶಿಕ್ಷಕರೊಬ್ಬರೂ ಸೇರಿ ಇಬ್ಬರು-ಮೂವರು ದೊಡ್ಡವರು ರುಚಿ ನೋಡಬೇಕೆಂಬ ನಿಯಮವಿದೆ. 2013ರ ಜುಲೈನಲ್ಲಿ ಬಿಹಾರದ ಛಪ್ರಾ ಕಡೆಯ ಶಾಲೆಯೊಂದರಲ್ಲಿ ಕೀಟನಾಶಕ ಸೇರಿದ ಊಟ ಉಂಡು 23 ಮಕ್ಕಳು ತೀರಿಕೊಂಡರು. ಬೆಳೆಗೆ ಹೊಡೆಯುವ ಎಣ್ಣೆಯ ವಾಸನೆ ಬಂದರೆ, ಕಹಿಯಾದರೆ, ಹುಳು ಕಂಡರೆ ಸುಮ್ಮನೆ ಅಂಚಿಗೆ ಸರಿಸಿ ಕೂರಬೇಡಿ. ಕೈ ಎತ್ತಿ, ಎದ್ದು ನಿಂತು, ಪಕ್ಕದವರಿಗೂ ಕೇಳುವಂತೆ ಹೇಳಿ. ಅದು ಉದ್ಧಟತನವಲ್ಲ.

ಮಕ್ಕಳ ಗ್ರಾಮಸಭೆ ನಿಮ್ಮ ಪಂಚಾಯಿತಿಯಲ್ಲೂ ನಡೆಯುತ್ತದೆ. ಅಲ್ಲಿ ಸ್ವಾಗತಗೀತೆ ಹಾಡಿ ಬಿಸ್ಕಿಟು ತಿಂದು ಬರುವ ಬದಲು ಮೂರು ಮಾತು ಕೇಳಿ. ಗೇಟಿನ ಎದುರಿನ ಅಂಗಡಿ ಎಷ್ಟು ಮೀಟರಿನಲ್ಲಿದೆ ಎಂದು ಅಳೆದು ತಂದಿದ್ದೇವೆ, ಏನು ಮಾಡುತ್ತೀರಿ? ಕೈ ತೊಳೆಯಲು ಇನ್ನೆರಡು ನಳ ಯಾವಾಗ? ಸಾಲಿಯ ಕೈತೋಟಕ್ಕೆ ನೀರು ಎಲ್ಲಿಂದ? ಸಸಿಗೆ ರೊಕ್ಕವಿಲ್ಲ ಎಂದರೆ ಅರಭಾವಿಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವೇ ಇದೆ, ಗುರುಗಳನ್ನು ಕರೆದುಕೊಂಡು ಹೋಗಿ ವಿಚಾರಿಸಿ. ನುಗ್ಗೆಗೆ ಸಸಿಯೂ ಬೇಡ, ಮಳೆಗಾಲದ ಮುಂಚೆ ಒಂದು ಟೊಂಗೆ ಕಡಿದು ನೆಟ್ಟರೆ ಸಾಕು. ಸೊಪ್ಪು ಬಂದ ಮೇಲೆ ಅಡುಗೆಯ ಅಕ್ಕನ ಕೈಗೆ ನೀವೇ ಬಿಡಿಸಿ ಕೊಡಿ, ಕಡ್ಡಿ ಇಲ್ಲದಂತೆ.